ತ್ಸೋ ಕರ್‌ನ ಕ್ರೌಂಚಗಳನ್ನು ನಾನು ನೋಡಿದ ಬಗೆ

ಕಪ್ಪು ಕೊರಳ ಕ್ರೌಂಚವನ್ನು ನೋಡಲು ಲಡಾಖಿಗೆ ಹೊರಟವರು ಮೊದಲು ವಿಚಾರಿಸುವುದು ಲೆನ್ಸ್ ಬಗ್ಗೆ. ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನು, ಗಾಳಿಗೆ ಅಲುಗದ ಟ್ರೈಪಾಡ್ ಇವೆರಡನ್ನು ಮೊದಲು ಹೊಂದಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಗೂಡಿನಲ್ಲಿರುವ ಹಕ್ಕಿಯನ್ನು ದೂರದಿಂದಲೇ ನೋಡಬೇಕು.

ನಾನು ಹೋದದ್ದು ಜೂನ್‌ನಲ್ಲಿ. ಲೇಹ್‌ನಲ್ಲಿ ಮೈ ಒಗ್ಗಿದ ಮೇಲೆಯೇ ತ್ಸೋ ಕರ್‌ಗೆ ಹತ್ತಿದೆ. ಅಲ್ಲಿ ಎತ್ತರ ಸುಮಾರು 4,500 ಮೀಟರ್. ತ್ಸೋ ಕರ್ ಉಪ್ಪುನೀರಿನ ಸರೋವರ. ಕ್ರೌಂಚ ಹುಡುಕುವವರು ಪಕ್ಕದ ಸಿಹಿನೀರಿನ ಸ್ಟಾರ್ಟ್ಸಪುಕ್ ತ್ಸೋ ಸರೋವರದ ಅಂಚಿನ ಜೌಗಿನತ್ತ ಕಣ್ಣು ಹಾಯಿಸಬೇಕು. ಗೂಡಿನ ಸುತ್ತ ನೀರಿದ್ದರೆ ನರಿ, ನಾಯಿಗಳಿಗೆ ದಾರಿ ಸುಲಭವಲ್ಲ.

ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದೆ: ರಸ್ತೆ ಬಿಟ್ಟು ಹುಲ್ಲಿಗೆ ಚಕ್ರ ಇಳಿಸುವಂತಿಲ್ಲ. ಬೆಳಕು ಹರಿಯುವ ಮೊದಲೇ ಹೋಗಿ ಕೂರುತ್ತಿದ್ದೆ. ಬಿಸಿಲೇರಿದರೆ ನೆಲದ ಮೇಲಿನ ಗಾಳಿ ನಡುಗತೊಡಗುತ್ತದೆ, ಆಮೇಲೆ ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಹಕ್ಕಿ ಬರೀ ಬಿಳಿ ಮಸುಕು. ತಣ್ಣಗಿನ ಆ ಹೊತ್ತಿನಲ್ಲಿ ಮಾತ್ರ ನೆತ್ತಿಯ ಕೆಂಪು, ಕಣ್ಣಿನ ಹಿಂದಿನ ಪುಟ್ಟ ಬಿಳಿ ಮಚ್ಚೆ ಸ್ಪಷ್ಟ.

ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ತಿಂಗಳಷ್ಟು ಕಾವು ಕೊಡುತ್ತವೆ. ಸರದಿ ಬದಲಾಗುವುದನ್ನು ಕಾಯುವುದೇ ನನಗೆ ಇಡೀ ಪ್ರವಾಸದ ಸುಖ. ಒಂದು ಮೇಯುತ್ತ ಮೇಯುತ್ತ ಬಂತು, ಇನ್ನೊಂದು ಎದ್ದು ಕೊಕ್ಕಿನಿಂದ ಮೊಟ್ಟೆ ಹೊರಳಿಸಿ ಜಾಗ ಬಿಟ್ಟಿತು. ಕೂತ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಮ್ಮನ್ನೇ ನೋಡತೊಡಗಿದರೆ ಕೂಡಲೇ ಹಿಂದೆ ಸರಿಯಿರಿ. ಅದು ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೂ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನಾಯಿಗಳು. ಚಾಂಗ್‌ಥಾಂಗ್‌ನಲ್ಲಿ ಅಂದರೆ ತ್ಸೋ ಕರ್ ಇರುವ ಎತ್ತರದ ಪ್ರಸ್ಥಭೂಮಿಯಲ್ಲಿ, ಈ ಹಕ್ಕಿಯ ಮೊಟ್ಟೆ ಮರಿಗಳಿಗೆ ಅವು ದೊಡ್ಡ ಕಂಟಕ, ಮತ್ತು ಕ್ಯಾಂಪುಗಳ ಎಂಜಲು ತಿಂದೇ ಅವು ಹೆಚ್ಚುತ್ತವೆ. ಹಾಗಾಗಿ ನಮ್ಮ ಉಳಿದ ಊಟವನ್ನೂ ಕಟ್ಟಿ ಲೇಹ್‌ಗೆ ವಾಪಸು ತಂದೆವು. ಕಷ್ಟವೇನೂ ಇಲ್ಲ, ಎಲ್ಲರೂ ಮಾಡಬಹುದು.

ತ್ಸೋ ಕರ್ ಬಳಿಯೇ ಪಟ್ಟೆತಲೆ ಹೆಬ್ಬಾತುಗಳೂ ಮರಿ ಮಾಡಿದ್ದವು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅದೇ ಜಾತಿಯನ್ನು ಅದರ ತವರಿನ ಕಡೆ ಕಂಡು ತುಂಬಾ ಸಂತೋಷವಾಯಿತು.

ಅಷ್ಟು ಎತ್ತರ ಉಸಿರಿಗೆ ಆಗದು ಎನ್ನುವವರು ಈ ಕ್ರೌಂಚ ನೋಡಲು ಚಳಿಗಾಲದಲ್ಲಿ ಭೂತಾನದ ಫೋಬ್ಜಿಖಾ ಕಣಿವೆಗೆ ಹೋಗಬಹುದು. ಅಲ್ಲಿ ಎತ್ತರ ಸುಮಾರು 3,000 ಮೀಟರ್. ಅಲ್ಲಿನ ಗಾಂಗ್ಟೆ ಮಠದಲ್ಲಿ ಪ್ರತಿ ನವೆಂಬರ್ 11ಕ್ಕೆ ಈ ಹಕ್ಕಿಯ ಹೆಸರಿನಲ್ಲೇ ಹಬ್ಬ ನಡೆಯುತ್ತದೆ.