ಹುಡುಗರ ಶಾಲೆಯಲ್ಲಿ ಇತಿಹಾಸದ ಪಾಠ: ನನ್ನ ಅನುಭವ

ನಾನು ಗಂಡುಮಕ್ಕಳ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಡುಗರಿಗೆ ಯುದ್ಧ ಅಂದರೆ ಎಲ್ಲಿಲ್ಲದ ಹುರುಪು. ಯಾರು ಗೆದ್ದರು, ಎಷ್ಟು ಜನ ಸತ್ತರು, ಆಯುಧ ಯಾವುದು, ಇಷ್ಟು ಗೊತ್ತಾದರೆ ಸಾಕು. ಇದನ್ನು ನೋಡಿ ಕೆಲವು ಮೇಷ್ಟ್ರುಗಳು ಯುದ್ಧದ ಪಾಠವನ್ನು ಬೇಗ ಬೇಗ ಮುಗಿಸಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಅವರ ಮನಸ್ಸು ಎಲ್ಲಿದೆಯೋ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಗ್ರೀಸಿನ ಮ್ಯಾರಥಾನ್ ಕದನ, ಕ್ರಿ.ಪೂ. 490. ಪರ್ಷಿಯನ್ನರ ವಿರುದ್ಧ ಅಥೆನ್ಸ್ ಗೆದ್ದ ಯುದ್ಧ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪ್ರಕಾರ ಪರ್ಷಿಯನ್ನರ ಕಡೆ ಸತ್ತವರು 6,400 ಜನ, ಅಥೆನ್ಸಿನ ಕಡೆ ಬರೀ 192. ಬೋರ್ಡಿನ ಮೇಲೆ ಈ ಎರಡು ಅಂಕಿ ಬರೆದ ಕೂಡಲೇ ಗದ್ದಲ ಶುರು. ಆಗ ಒಂದೇ ಪ್ರಶ್ನೆ ಕೇಳುತ್ತೇನೆ: ಎಣಿಸಿದವರು ಯಾರು? ಆ 192 ಜನರನ್ನು ಅವರ ಕಡೆಯವರೇ ರಣರಂಗದಲ್ಲಿ ದಿಬ್ಬ ಕಟ್ಟಿ ಸಮಾಧಿ ಮಾಡಿದರು. ಅವರ ಲೆಕ್ಕ ತಪ್ಪುವ ಸಂಭವ ಕಡಿಮೆ. ಆದರೆ ಶತ್ರುಗಳ ಹೆಣ ಎಣಿಸಿದವರೂ ಗೆದ್ದವರೇ, ಅಲ್ವಾ? ಹೆರೊಡೋಟಸ್ ಇದನ್ನು ಬರೆದದ್ದೂ ದಶಕಗಳು ಕಳೆದ ಮೇಲೆ.

ಮ್ಯಾರಥಾನ್ ಓಟಗಾರನ ಕಥೆಗೂ ಇದೇ ಪ್ರಶ್ನೆ. ಹೆರೊಡೋಟಸ್ ಹೇಳುವ ಓಟಗಾರ ಓಡಿದ್ದು ಇನ್ನೊಂದು ಗ್ರೀಕ್ ನಗರ ಸ್ಪಾರ್ಟಾಕ್ಕೆ, ಯುದ್ಧಕ್ಕೆ ಸಹಾಯ ಕೇಳಲು. ಅಥೆನ್ಸಿಗೆ ಓಡಿಬಂದು, ಗೆದ್ದ ಸುದ್ದಿ ಹೇಳಿ ಕುಸಿದು ಸತ್ತ ಕಥೆ ಸಿಗುವುದು ನೂರಾರು ವರ್ಷಗಳ ನಂತರದ ಬರಹಗಳಲ್ಲಿ. ಇದನ್ನು ಹೇಳಿದಾಗ ಕೆಲವರಿಗೆ ಸಿಟ್ಟೇ ಬರುತ್ತದೆ. ಬರಲಿ. ಇಷ್ಟದ ಕಥೆಯನ್ನೂ ಪರೀಕ್ಷಿಸುವ ಧೈರ್ಯ ಬರುವುದು ಅಲ್ಲಿಂದಲೇ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಮೊದಲ ಮಹಾಯುದ್ಧದ ಪಾಠ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು ಹಾರಿಸಿ, ಯುದ್ಧಕ್ಕೆ ಕಿಡಿ ಹೊತ್ತಿಸಿದ ಗವ್ರಿಲೊ ಪ್ರಿನ್ಸಿಪ್‌ಗೆ ಆಗ 19 ವರ್ಷ. ಇಪ್ಪತ್ತು ತುಂಬದವರಿಗೆ ಮರಣದಂಡನೆ ಇಲ್ಲ ಎಂಬ ಕಾನೂನಿನಿಂದಾಗಿ ಅವನಿಗೆ ಗಲ್ಲು ಆಗಲಿಲ್ಲ. 1918ರಲ್ಲಿ ಜೈಲಿನಲ್ಲೇ ಕ್ಷಯದಿಂದ ಸತ್ತ. ವಯಸ್ಸು ಕೇಳಿದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಅವರ ಅಣ್ಣನ ವಯಸ್ಸು ಅದು.

ಆಮೇಲೆ ಬ್ರಿಟಿಷ್ ಸೈನ್ಯದ ಹುಡುಗರು. ಸೇರಲು 18 ತುಂಬಿರಬೇಕು, ಹೊರದೇಶದ ರಣರಂಗಕ್ಕೆ ಹೋಗಲು 19. ಆದರೂ ಸಾವಿರಾರು ಹುಡುಗರು ವಯಸ್ಸು ಸುಳ್ಳು ಹೇಳಿ ಸೇರಿದರು. ಕಂದಕದಿಂದ ಅವರು ಬರೆದ ಕಾಗದಗಳನ್ನು ಅಧಿಕಾರಿಗಳು ಓದಿ, ಬೇಡದ್ದನ್ನು ಹೊಡೆದುಹಾಕಿ ಕಳಿಸುತ್ತಿದ್ದರು. ಇಷ್ಟು ಹೇಳಿ, ಅಂಥ ಒಬ್ಬ ಹುಡುಗನಾಗಿ ಎರಡು ಕಾಗದ ಬರೆಯಿರಿ ಅನ್ನುತ್ತೇನೆ. ಒಂದು ಅಮ್ಮನಿಗೆ, ಅಧಿಕಾರಿ ಓದುವಂಥದ್ದು. ಇನ್ನೊಂದು ಗೆಳೆಯನಿಗೆ, ಯಾರೂ ಓದದೇ ಇರುವಂಥದ್ದು.

ಒಬ್ಬ ಹುಡುಗ ಅಮ್ಮನಿಗೆ ಬರೆದಿದ್ದ: "ನಾನು ಆರಾಮಾಗಿದ್ದೀನಿ, ಸಾಕ್ಸ್ ಕಳಿಸು." ಗೆಳೆಯನಿಗೆ: "ರಾತ್ರಿ ಶೆಲ್ ಬೀಳುವಾಗ ಕಣ್ಣೀರು ತಾನಾಗೇ ಬರುತ್ತೆ. ಯಾರಿಗೂ ಹೇಳಬೇಡ." ತರಗತಿಯಲ್ಲಿ ಅತಿ ಜೋರು ಬಾಯಿ ಅವನದು. ಓದುವಾಗ ಯಾರೂ ನಗಲಿಲ್ಲ. ಪಕ್ಕದವನು, "ಸಾಕ್ಸ್ ಯಾಕೆ ಕೇಳಿದೆ?" ಅಂದ. "ಭಯ ಆಗ್ತಿದೆ ಅಂತ ಬರೆಯೋ ಹಾಗಿಲ್ವಲ್ಲ, ಅದಕ್ಕೆ" ಅಂದ ಇವನು.

ಹುಡುಗರೇ ತುಂಬಿರುವ ಶಾಲೆಯಲ್ಲಿ ನನಗೆ ಭಯವಾಗುತ್ತೆ ಅಂತ ಬಾಯಿಬಿಟ್ಟು ಹೇಳುವುದು ಬಹಳ ಕಷ್ಟ. ಹೇಳಿದವನನ್ನು ವಾರಗಟ್ಟಲೆ ಆಡಿಕೊಳ್ಳುತ್ತಾರೆ. ಇತಿಹಾಸದ ಪೀರಿಯಡ್‌ನಲ್ಲಿ ಬೇರೆಯವನ ಹೆಸರಿನಲ್ಲಿ ಹೇಳಬಹುದು. ಭಯ, ಅವಮಾನ, ಗುಂಪಿನ ಜೊತೆ ಹೋಗಿಬಿಡುವ ಆಸೆ ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಹಾಗಂತ ನಾನು "ನಿನಗೂ ಹೀಗೇ ಆಗುತ್ತಾ?" ಅಂತ ಯಾರನ್ನೂ ಕೆದಕುವುದಿಲ್ಲ. ಕೆದಕಿದರೆ ಮುಂದಿನ ಕಾಗದದಲ್ಲಿ ಬರೀ ಸಾಕ್ಸ್ ಇರುತ್ತದೆ.

ಇತಿಹಾಸ ಓದಿದರೆ ಏನು ಉಪಯೋಗ ಅಂತ ಪೋಷಕರು ಕೇಳುತ್ತಾರೆ. ಅವರಿಗೆ ಮಕ್ಕಳ ಈ ಕಾಗದಗಳ ಬಗ್ಗೆ ಹೇಳುವುದಿಲ್ಲ. ಅವು ಹುಡುಗರ ಸ್ವಂತದ್ದು. ಮೈದಾನದ ಜಗಳದ ವಿಷಯ ಹೇಳುತ್ತೇನೆ. ಹೊಡೆದಾಟವಾದರೆ ಇಬ್ಬರಿಗೂ, ನೋಡಿದವರಿಗೂ ಒಂದೊಂದು ಹಾಳೆ ಕೊಡುತ್ತೇನೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಸುಮ್ನೆ ಕೇಳಿದ್ದಾದರೆ ಯಾರಿಂದ ಕೇಳಿದ್ದು ಅಂತ ಪಕ್ಕದಲ್ಲಿ ಬರೆಯಬೇಕು. ಹಾಳೆಗಳನ್ನು ಸಾಲಾಗಿ ಇಟ್ಟು ಓದಿ ನೋಡುವುದೂ ಅವರದೇ ಕೆಲಸ.