ಸುರುಳಿ ಬಿದ್ದ ಗ್ರಾಮನಕ್ಷೆಗೆ ಆವಿ ಕೊಟ್ಟು ಗೆದ್ದೆ: ನನ್ನ ಅನುಭವ

ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಊರುಗಳ ಗ್ರಾಮನಕ್ಷೆಗಳು ನಮ್ಮ ಸಂಗ್ರಹದಲ್ಲಿ ಸುಮಾರು 70 ಇವೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಜನ ಪಾತ್ರೆ, ದನ, ದೇವರ ಜೊತೆ ಹೊತ್ತುತಂದಿದ್ದ ಕೈನಕಲುಗಳು ಅವು. ಬಟ್ಟೆಗೆ ಅಂಟಿಸಿದ ಕಾಗದ, ಮೈಲಿಗೆ 8 ಇಂಚಿನ ಅಳತೆ, ಬಾಗಾಯ್ತಿಗೆ (ತೋಟದ ಜಮೀನಿಗೆ) ಹಸಿರು, ಗಡಿಗೆ ಕೆಂಪು. ತಗಡಿನ ಕೊಳವೆಯಲ್ಲಿ ಅರವತ್ತು ವರ್ಷ ಸುತ್ತಿಕೊಂಡೇ ಇದ್ದವು. ಬಿಚ್ಚಲು ಹೋದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು.

ಮೊದಲು ನಾಲ್ಕು ನಕ್ಷೆಗಳನ್ನು ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ, ಎರಡು ಸಾವಿರದ ಹತ್ತಿರ ಖರ್ಚು. ಮೂರನೇ ಮಳೆಗಾಲಕ್ಕೆ ಒಳಗೇ ಬೂಷ್ಟು ಹಿಡಿಯಿತು. ಆ ಪ್ಲಾಸ್ಟಿಕ್ ಇನ್ನು ಬಿಡಿಸುವಂತಿಲ್ಲ. ಆ ನಾಲ್ಕು ಊರು ಎರಡನೇ ಸಲ ಮುಳುಗಿದವು ಅಂತಲೇ ನನಗೆ ಈಗಲೂ ಅನಿಸುತ್ತದೆ. ಆಮೇಲೆ ನೀರು ಚಿಮುಕಿಸಿ ನೋಡಿದೆ. ಕೆಂಪು ಗಡಿ ಹರಿದು ಪಕ್ಕದ ಗದ್ದೆಗೆ ನುಗ್ಗಿತು, ನೇರಳೆ ಸೀಲು ಅಳಿಸಿಯೇ ಹೋಯಿತು. ಇಸ್ತ್ರಿ ಹಾಕಿ ಅಂದವರ ಮಾತನ್ನು ಮಾತ್ರ ಪುಣ್ಯಕ್ಕೆ ಕೇಳಲಿಲ್ಲ.

ಆವಿ ಪೆಟ್ಟಿಗೆ ಮಾಡುತ್ತೇನೆ ಅಂದಾಗ ಕಸುಬಿನ ಗೆಳೆಯರು, "ಮಲೆನಾಡಲ್ಲಿ ಕೂತು ತೇವ ಕೊಡ್ತೀಯಾ?" ಎಂದರು. ಮೊದಲ ಸಲ ಅವರು ಹೇಳಿದ್ದೇ ಆಯಿತು. ಆಷಾಢದಲ್ಲಿ ಇಟ್ಟಿದ್ದೆ, ಎರಡೇ ದಿನಕ್ಕೆ ಬೂಷ್ಟು. ತೇವ ಕೊಡುವುದು ಎಲ್ಲಿಯಾದರೂ ಆಗುತ್ತದೆ, ಒಣಗಿಸುವುದು ಮಾತ್ರ ಆ ಗಾಳಿಯಲ್ಲಿ ಆಗದು. ಅಂದಿನಿಂದ ಮಾಘ, ಫಾಲ್ಗುಣ ಬಿಟ್ಟರೆ ಬೇರೆ ತಿಂಗಳಲ್ಲಿ ಕೈ ಹಾಕಿಲ್ಲ.

ಹಾಸಿಗೆ ತುಂಬುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ತಳದಲ್ಲಿ ಒದ್ದೆ ಬ್ಲಾಟಿಂಗ್ ಕಾಗದ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸುರುಳಿ. ನೀರು ತಾಗಬಾರದು, ಆವಿ ಮಾತ್ರ ಸೋಕಬೇಕು. ನೀರು ತಡೆದು ಆವಿಯನ್ನಷ್ಟೇ ಬಿಡುವ, ಅದಕ್ಕೆಂದೇ ಬರುವ ವಿದೇಶಿ ಬಟ್ಟೆಗೆ ಎಂಟೊಂಬತ್ತು ಸಾವಿರ ಹೇಳಿದ್ದರು. ನಾನು ಬಳಸುವುದು ಇಲ್ಲೇ ಸಿಗುವ ಬೇರೊಂದು ಬಟ್ಟೆ. ಯಾವುದು ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇ. 85–90 ತೋರಿಸುತ್ತಿರಬೇಕು. ಐದಾರು ಗಂಟೆಗೆ ಸುರುಳಿ ತಾನೇ ಸಡಿಲವಾಗುತ್ತದೆ, ಬಾಳೆಸುಳಿ ಬಿಚ್ಚಿಕೊಂಡ ಹಾಗೆ. ಎಳೆಯಬಾರದು. ಆಮೇಲೆ ಒಣ ಬ್ಲಾಟಿಂಗ್ ನಡುವೆ ಇಟ್ಟು ಮೇಲೆ ಕಡಪ ಕಲ್ಲು. ಮೊದಲ ಬ್ಲಾಟಿಂಗ್ ಅರ್ಧ ಗಂಟೆಗೆ ಬದಲು, ಮುಂದಿನದು ಎರಡು ಗಂಟೆಗೆ, ಆಮೇಲೆ ದಿನಕ್ಕೊಂದು. ಇದರಲ್ಲಿ ಸೋಮಾರಿತನ ಮಾಡಿದ ಮೂರು ನಕ್ಷೆ ಅಲೆಅಲೆಯಾಗಿ ಒಣಗಿದವು.

ಇಲ್ಲಿಯವರೆಗೆ 50ರ ಮೇಲೆ ಬಿಚ್ಚಿದ್ದೇನೆ. ಒಂದೂ ಮುರಿದಿಲ್ಲ. ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ ಆಗಿರಬೇಕು. ಇದೇ ಕೆಲಸ ಮಾಡಿಕೊಡಲು ಒಬ್ಬರು ಒಂದೊಂದು ನಕ್ಷೆಗೇ ನಾಲ್ಕು ಸಾವಿರ ಕೇಳಿದ್ದರು.

ಇದೇ ಪೆಟ್ಟಿಗೆಗೆ ಫೋಟೊ ಹಾಕಿದರೆ ಹೇಗೆ ಅಂತ ಹಾಳಾದ ಒಂದು ಪ್ರತಿಯನ್ನು ಇಟ್ಟೆ. ಫೋಟೊದ ಮೇಲಿನ ಜೆಲಟಿನ್ ಪದರ ಬೆಲ್ಲದ ಪಾಕವಾಗಿ ಬ್ಲಾಟಿಂಗಿನ ಎಳೆಯೆಲ್ಲ ಮೆತ್ತಿಕೊಂಡಿತು. ಯಾರೂ ಮಾಡಬೇಡಿ. ಹಾಗಾಗಿ ಈ ಊರುಗಳ, ಚೌಕಟ್ಟಿನ ಗಾಜಿಗೇ ಅಂಟಿದ ಫೋಟೊಗಳನ್ನು ಬಿಡಿಸದೆ, ಗಾಜಿನ ಮೇಲಿಂದಲೇ ಕ್ಯಾಮರಾದಲ್ಲಿ ಹಿಡಿಯುತ್ತೇನೆ. ಎರಡು ದೀಪಕ್ಕೂ ಹೊಳಪು ತಡೆಯುವ ಪೋಲರೈಸರ್ ಹಾಳೆ, ಲೆನ್ಸಿಗೂ ಒಂದು. ಅದನ್ನು ತಿರುಗಿಸುತ್ತ ಹೋದರೆ ಮೇಲೆ ಎದ್ದ ಬೆಳ್ಳಿಯ ಹೊಳಪು ಒಂದು ಕಡೆ ಫಕ್ಕನೆ ಆರಿ ಒಳಗಿನ ಮುಖ ಎದ್ದು ಬರುತ್ತದೆ. ಹಾಗೆ ತೆಗೆದ ಒಂದು ಮನೆಯ ಫೋಟೊದಲ್ಲಿ ಬಾವಿಕಟ್ಟೆ, ಅದರ ಪಕ್ಕ ಕವಲೊಡೆದ ಹಲಸಿನ ಮರ ಕಂಡವು. ನಕ್ಷೆಯಲ್ಲಿ ಒಂದು ಬಾಗಾಯ್ತಿನ ಮೂಲೆಗೆ ಬಾವಿಯ ದುಂಡು ಗುರುತು, ಮಗ್ಗುಲಲ್ಲಿ ಪೆನ್ಸಿಲಿನಲ್ಲಿ "ಹಲಸು". ಮನೆಯ ಸರ್ವೆ ನಂಬರ್ ಸಿಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಉಳಿದವು ಟ್ರೇಸಿಂಗ್ ಬಟ್ಟೆಯವು (ನಕ್ಷೆಯ ಮೇಲಿಟ್ಟು ನಕಲು ತೆಗೆಯುವ, ಆಚೆ ಕಾಣುವ ಬಟ್ಟೆ), ಹತ್ತು ಹನ್ನೆರಡು. ಅವುಗಳಿಗೆ ಗಂಜಿ ಹಾಕಿರುವುದರಿಂದ ಒಂದು ಹನಿ ಬಿದ್ದರೂ ಬಿಳಿ ಕಲೆ. ಆವಿಯನ್ನಾದರೂ ತಾಳುತ್ತವೋ ಇಲ್ಲವೋ ಎಂದು ಧೈರ್ಯ ಸಾಲದೆ, ಸದ್ಯ ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿ ಇಟ್ಟಿದ್ದೇನೆ. ಬರುವ ಮಾಘಕ್ಕೆ ಒಂದು ತುಂಡು ಅಂಚಿನ ಮೇಲೆ ಪರೀಕ್ಷೆ ಮಾಡುತ್ತೇನೆ.