ಕೋರ್ ಜಾಸ್ತಿ ಕೊಟ್ಟರೂ ಜಾಬ್ ಓಡಲಿಲ್ಲ

ನಮ್ಮ ತಂಡದಲ್ಲಿ ಹವಾಮಾನದ ಡೇಟಾ ಒಂದು ಸ್ಟೋರೇಜ್ ಸರ್ವರ್‌ನಲ್ಲಿತ್ತು. ಲೆಕ್ಕ ಮಾಡುವ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಇನ್ನೊಂದು ಕಡೆ. ನಡುವೆ ಒಂದು ಗಿಗಾಬಿಟ್ ಲಿಂಕ್, ಮತ್ತೆ ನಾನು. ಬೇಕಾದ ಫೈಲ್‌ಗಳನ್ನು ಆರ್‌ಸಿಂಕ್ ಎಂಬ ಕಾಪಿ ಕಮಾಂಡ್‌ನಲ್ಲಿ ಎಳೆದು ತರುವುದು, ಜಾಬ್ ಹಾಕುವುದು, ಫಲಿತಾಂಶ ವಾಪಸ್ ಕಳಿಸುವುದು, ಇದೇ ಕೆಲಸ. 10 ಟೆರಾಬೈಟ್ ಸಾಗಿಸಲು ಆ ಲಿಂಕ್‌ನಲ್ಲಿ 22 ಗಂಟೆ ಬೇಕು. ಅದೂ ಲಿಂಕ್ ಪೂರ್ತಿ ನಮಗೇ ಸಿಕ್ಕರೆ.

ಸಾಗಿಸಿದ ಮೇಲೂ ಜಾಬ್ ನಿಧಾನ. ‘ಇನ್ನಷ್ಟು ಸಿಪಿಯು ಕೋರ್ ಕೊಟ್ಟರೆ ಬೇಗ ಮುಗಿಯುತ್ತಲ್ವಾ?’ ಅಂತ ಎಲ್ಲರೂ ಕೇಳುತ್ತಿದ್ದರು. ನಾನೂ ಹಾಗೇ ನಂಬಿ ಕೋರ್ ದುಪ್ಪಟ್ಟು ಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ನೋಡ್ (ಕ್ಲಸ್ಟರ್‌ನ ಒಂದು ಕಂಪ್ಯೂಟರ್) ಒಳಗೆ ಹೋಗಿ ನೋಡಿದರೆ ಸಿಪಿಯುಗಳು ಸುಮ್ನೆ ಕೂತಿವೆ. ಡಿಸ್ಕ್‌ನಿಂದ ಬರುವ ಡೇಟಾಗೆ ಕಾಯುತ್ತಿವೆ.

ಕಾರಣ ಫೈಲ್ ಒಳಗೇ ಇತ್ತು. ನಾವು ಬಳಸುವುದು ಇಆರ್‌ಎ5 ಎಂಬ ಜಾಗತಿಕ ಹವಾಮಾನ ದಾಖಲೆ. ಗಂಟೆಗೊಂದು ಜಾಗತಿಕ ನಕ್ಷೆ, ಅಡ್ಡ 1440 ಬಿಂದು, ಉದ್ದ 721. ಒಂದು ಬಿಂದುವಿಗೆ 4 ಬೈಟ್ ಹಿಡಿದರೆ ಒಂದು ನಕ್ಷೆ ಸುಮಾರು 4 ಎಂಬಿ, ವರ್ಷದ 8760 ಗಂಟೆಗೆ 36 ಜಿಬಿ. ನಮ್ಮ ಫೈಲ್‌ಗಳಲ್ಲಿ ಒಂದೊಂದು ನಕ್ಷೆಯೂ ಒಂದೊಂದು ಚಂಕ್, ಅಂದರೆ ಒಟ್ಟಿಗೆ ಇಟ್ಟ ಡೇಟಾ ತುಂಡು. ಆದರೆ ನಮ್ಮವರಿಗೆ ಬೇಕಾಗಿದ್ದು ಒಂದೇ ಜಾಗದ ಇಡೀ ವರ್ಷದ ತಾಪಮಾನ. ಒಂದು ಚಂಕ್‌ನಲ್ಲಿ ಒಂದೇ ಸಂಖ್ಯೆ ಬೇಕಿದ್ದರೂ ಸಾಮಾನ್ಯವಾಗಿ ಚಂಕ್ ಪೂರ್ತಿ ಓದಬೇಕಾಗುತ್ತದೆ. ಅಂದರೆ 35 ಕೆಬಿ ಉತ್ತರಕ್ಕೆ 36 ಜಿಬಿ ಓದು! ಕಂಪ್ರೆಷನ್ ಇದ್ದರೆ ಡಿಸ್ಕ್‌ಗೆ ಸ್ವಲ್ಪ ಹೊರೆ ಕಮ್ಮಿ, ಆದರೆ ಬಿಚ್ಚುವ ಕೆಲಸ ಅಷ್ಟೂ ಇದ್ದೇ ಇರುತ್ತದೆ.

ಚಂಕ್ ಆಕಾರ ಬದಲಿಸಿದೆ. 720 ಗಂಟೆ, ಅಡ್ಡ 48, ಉದ್ದ 48. ಒಂದು ಚಂಕ್ ಸುಮಾರು 6.6 ಎಂಬಿ. ಈಗ ಒಂದು ಜಾಗದ ವರ್ಷಕ್ಕೆ 13 ಚಂಕ್ ಸಾಕು, 90 ಎಂಬಿ ಒಳಗೇ ಮುಗಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೇ ಗಂಟೆಯ ಜಾಗತಿಕ ನಕ್ಷೆ ಬೇಕೆಂದವರು ಈಗ 480 ಚಂಕ್, ಹತ್ತಿರ ಹತ್ತಿರ 3 ಜಿಬಿ ಓದಬೇಕು. ಹಾಗಾಗಿ ಮೂಲವನ್ನೂ ಹಾಗೇ ಉಳಿಸಿಕೊಂಡೆ. ಜಾಗ ಎರಡರಷ್ಟು ಹೋಯಿತು. ಬೇಜಾರಿಲ್ಲ, ಜನರ ಸಮಯಕ್ಕಿಂತ ಡಿಸ್ಕ್ ಅಗ್ಗ.

ಉತ್ಸಾಹದಲ್ಲಿ ಇದನ್ನು ಝಾರ್ ಎಂಬ ಡೇಟಾ ರೂಪದಲ್ಲಿ ಬರೆದು, ಕ್ಲಸ್ಟರ್‌ನ ಎಲ್ಲರೂ ಹಂಚಿಕೊಳ್ಳುವ ಲಸ್ಟರ್ ಎಂಬ ಫೈಲ್ ಸಿಸ್ಟಮ್ ಮೇಲೆ ಇಟ್ಟೆ. ಅಲ್ಲಿ ಎಡವಿದೆ. ಝಾರ್‌ನಲ್ಲಿ ಸಾಮಾನ್ಯವಾಗಿ ಚಂಕಿಗೊಂದು ಫೈಲ್. ತಾಪಮಾನದಂಥ ಒಂದೇ ಅಂಶದ ಒಂದು ವರ್ಷಕ್ಕೇ ಆರು ಸಾವಿರಕ್ಕೂ ಹೆಚ್ಚು ಫೈಲ್. ಲಸ್ಟರ್‌ನಲ್ಲಿ ಫೈಲ್ ತೆರೆಯುವ ಪ್ರತಿ ಕೋರಿಕೆಯೂ ಫೈಲ್‌ಗಳ ಹೆಸರು, ಜಾಗದ ಲೆಕ್ಕ ಇಡುವ ಮೆಟಾಡೇಟಾ ಸರ್ವರ್‌ಗೆ ಹೋಗುತ್ತದೆ. ನೂರಾರು ಜಾಬ್ ಒಟ್ಟಿಗೆ ಕೇಳಿದಾಗ ಅದು ತತ್ತರಿಸಿತು, ಬೇರೆಯವರಿಗೆ ಫೈಲ್ ಪಟ್ಟಿ ತೋರಿಸುವ ಬರೀ ಎಲ್‌ಎಸ್ ಕಮಾಂಡ್ ಹೊಡೆದರೂ ಉತ್ತರ ಬರಲಿಲ್ಲ. ಬೈಗುಳ ನನಗೆ ಬಂತು. ಈಗ ಆಬ್ಜೆಕ್ಟ್ ಸ್ಟೋರ್‌ನಲ್ಲಿ (ಕ್ಲೌಡ್ ಶೈಲಿಯ ಸಂಗ್ರಹ) ಝಾರ್, ಲಸ್ಟರ್‌ನಲ್ಲಿ ಅದೇ ಚಂಕ್ ಆಕಾರದ ನೆಟ್‌ಸಿಡಿಎಫ್ ಎಂಬ ಇನ್ನೊಂದು ರೂಪ. ಒಳಗೆ ಸಾವಿರ ಚಂಕ್ ಇದ್ದರೂ ಹೊರಗೆ ಒಂದೇ ಫೈಲ್.

ಇನ್ನೊಂದು ಪೆಟ್ಟು ತಿಂದದ್ದು ‘ಫೈಲ್ ಇದೆಯಾ, ಇದ್ದರೆ ಮುಂದಿನ ಹಂತಕ್ಕೆ ಹೋಗು’ ಎನ್ನುವ ನನ್ನ ಸ್ಕ್ರಿಪ್ಟ್‌ನಿಂದ. ಜಾಬ್‌ಗಳು ನೋಡ್‌ನ ಒಳಗಿನ ಎಸ್‌ಎಸ್‌ಡಿಯಲ್ಲಿ ಬರೆದು, ಕೊನೆಗೆ ಎಂವಿ ಕಮಾಂಡ್‌ನಿಂದ ಲಸ್ಟರ್‌ಗೆ ಸಾಗಿಸುತ್ತಿದ್ದವು. ಎಂವಿ ಅಂದರೆ ಬರೀ ಹೆಸರು ಬದಲಾವಣೆ, ಒಂದೇ ಕ್ಷಣದ ಕೆಲಸ ಅಂದುಕೊಂಡಿದ್ದೆ. ಒಂದೇ ಫೈಲ್ ಸಿಸ್ಟಮ್ ಒಳಗಾದರೆ ಹೌದು. ಒಂದರಿಂದ ಇನ್ನೊಂದಕ್ಕಾದರೆ ಅದು ಕಾಪಿ ಮಾಡಿ ಅಳಿಸುತ್ತದೆ. ಕಾಪಿಯ ಮಧ್ಯೆ ಜಾಬ್‌ನ ಟೈಮ್ ಲಿಮಿಟ್ ಮುಗಿದು ಅರ್ಧ ಫೈಲ್ ಉಳಿಯಿತು. ಸ್ಕ್ರಿಪ್ಟ್ ಅದನ್ನೇ ಪೂರ್ತಿ ಅಂದುಕೊಂಡು ಮುಂದೆ ಹೋಯಿತು. ಗ್ರಾಫ್‌ನಲ್ಲಿ ನವೆಂಬರ್ ನಂತರ ಖಾಲಿ ಕಂಡಾಗಲೇ ನನಗೆ ಗೊತ್ತಾಗಿದ್ದು.

ಈಗ ಮೊದಲು ಲಸ್ಟರ್‌ನಲ್ಲೇ ತಾತ್ಕಾಲಿಕ ಹೆಸರಿಗೆ ಕಾಪಿ, ಎರಡೂ ಕಡೆಯ ಚೆಕ್‌ಸಮ್ (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೊಂದಿದರೆ ಮಾತ್ರ ಅಲ್ಲೇ ಹೆಸರು ಬದಲಾವಣೆ. ಹಂತಗಳನ್ನು ಸ್ನೇಕ್‌ಮೇಕ್ ಎಂಬ, ಕೆಲಸದ ಹಂತ ನಡೆಸುವ ತಂತ್ರಾಂಶಕ್ಕೆ ಒಪ್ಪಿಸಿದ್ದೇನೆ. ಅರ್ಧಕ್ಕೆ ನಿಂತ ಜಾಬ್‌ನ ಫೈಲ್ ಯಾವುದು ಅಂತ ಅದು ಲೆಕ್ಕ ಇಟ್ಟುಕೊಳ್ಳುತ್ತದೆ.

ಆ ಗಿಗಾಬಿಟ್ ಲಿಂಕ್ ಮಾತ್ರ ಇನ್ನೂ ಹಾಗೇ ಇದೆ. ಸ್ಟೋರೇಜ್ ಸರ್ವರ್‌ಗೇ ಒಂದು ಸಣ್ಣ ಲೆಕ್ಕದ ಯಂತ್ರ ಅಂಟಿಸಿದೆವು. ಬೇಕಾದ ಪ್ರದೇಶ ಕತ್ತರಿಸುವುದು, ಗಂಟೆಯ ಡೇಟಾದಿಂದ ದಿನದ ಸರಾಸರಿ ತೆಗೆಯುವುದು ಎಲ್ಲ ಅಲ್ಲೇ. ದಿನದ ಸರಾಸರಿ ತೆಗೆದರೇ ಗಾತ್ರ 24ನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟನ್ನು ಈ ಹಳೇ ಲಿಂಕ್ ಆರಾಮಾಗಿ ಸಾಗಿಸುತ್ತದೆ. ಆದರೂ ವಾರಕ್ಕೊಬ್ಬರು ಬಂದು, ಪೂರ್ತಿ ಡೇಟಾ ನನ್ನ ಫೋಲ್ಡರ್‌ಗೆ ಹಾಕಿಕೊಡ್ತೀರಾ ಅಂತ ಕೇಳುತ್ತಾರೆ.